ಹತ್ತು ಲಕ್ಷ ಯುವಜನರು ಒಟ್ಟಿಗೆ ಸುಮ್ಮನಾದರೆ ಅದು ಭರವಸೆಯೋ, ಗುಂಪಿನ ಮೋಡಿಯೋ?

ಕೊನೆಬೆಂಚು:

ಕೇಳಬೇಕೋ ಬೇಡವೋ ಎಂದು ನಾಲ್ಕು ದಿನ ತೂಗಿ ನೋಡಿ ಕೊನೆಗೆ ಬರೆಯುತ್ತಿದ್ದೇನೆ. ನನಗೀಗ 47. ಹುಟ್ಟಿನಿಂದ ಕಥೋಲಿಕಳು, ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ಹೋಗುವುದು ಕ್ರಿಸ್ಮಸ್‌ಗೊಮ್ಮೆ, ಈಸ್ಟರ್‌ಗೊಮ್ಮೆ. ಅಕ್ಕನ ಮಗಳು, 19 ವರ್ಷದವಳು, ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾಳೆ. 2025ರ ಜುಲೈ ಕೊನೆಯಲ್ಲಿ ಗೆಳತಿಯರ ಜೊತೆ ರೋಮ್‌ಗೆ ಹೋಗಿ, ಕಥೋಲಿಕ ಧರ್ಮಸಭೆಯ ಪವಿತ್ರ ವರ್ಷದ ಯುವ ಸಮಾವೇಶವಾದ ಯುವಜನರ ಜುಬಿಲಿಯಲ್ಲಿ ಪಾಲ್ಗೊಂಡು ಬಂದಳು. ಹೋಗುವಾಗ ಅವಳಿಗಿದ್ದ ದೊಡ್ಡ ಚಿಂತೆ ಎಂದರೆ ಮೊಬೈಲ್ ಎಲ್ಲಿ ಚಾರ್ಜ್ ಮಾಡುವುದು ಎಂಬುದು. ಬಂದ ಮೇಲೆ ಪ್ರತಿ ರಾತ್ರಿ ಅದೇ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳುತ್ತಾಳೆ. ತಿಂಗಳುಗಳು ಕಳೆದವು, ಇನ್ನೂ ನಿಂತಿಲ್ಲ.

ಅಲ್ಲಿ ಏನಾಯಿತು ಎಂದು ಕೇಳಿದರೆ ಸರಿಯಾಗಿ ಹೇಳುವುದೂ ಇಲ್ಲ. "ಚಿಕ್ಕಮ್ಮ, ಅಷ್ಟು ಜನ ಒಮ್ಮೆಗೇ ಮಾತು ನಿಲ್ಲಿಸಿದರು, ಅಷ್ಟೇ" ಎನ್ನುತ್ತಾಳೆ. ಆಗಸ್ಟ್ 2ರ ರಾತ್ರಿ ರೋಮ್‌ನ ತೋರ್ ವೆರ್ಗಾತಾ ಬಯಲಿನಲ್ಲಿ ನಡೆದ ಜಾಗರಣೆಯ ವಿಡಿಯೋವನ್ನು ಅವಳಿಲ್ಲದಾಗ ಹಾಕಿ ನೋಡಿದೆ. ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು ಎಂದು ವ್ಯಾಟಿಕನ್ ಹೇಳಿತ್ತು. ಅಷ್ಟೂ ಹುಡುಗ ಹುಡುಗಿಯರು ಪರಮ ಪ್ರಸಾದದ, ಅಂದರೆ ಕ್ರಿಸ್ತನ ದೇಹವೆಂದು ನಾವು ಆರಾಧಿಸುವ ರೊಟ್ಟಿಯ, ಮುಂದೆ ನೆಲಕ್ಕೆ ಮಂಡಿಯೂರಿ ಸದ್ದಿಲ್ಲದೆ ಇದ್ದರು. ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು.

ಪ್ರಶ್ನೆ ಇಷ್ಟೇ. ಇಂಥ ದೊಡ್ಡ ಸಮಾವೇಶಗಳಲ್ಲಿ ಕಾಣುವುದು ನಿಜವಾದ ಭರವಸೆಯೇ? ಅಥವಾ ಗುಂಪು, ಹಾಡು, ದೀಪ, ನಿದ್ದೆಗೇಡು ಎಲ್ಲ ಸೇರಿ ಮಾಡುವ ಮೋಡಿಯೇ? ಹೋಗಿ ಬಂದವರು, ಹೋಗಿ ಬಂದು ಬೇಸತ್ತವರು, ಇಬ್ಬರೂ ಹೇಳಿ. ಉಪದೇಶ ಮಾತ್ರ ಬೇಡ.

ಗೋಲ್_ಪೆಟ್ಟಿಗೆ:

ಮೋಡಿಯೇ. ವಿಶ್ವಕಪ್ ಫೈನಲ್‌ನಲ್ಲಿ ಪೆನಾಲ್ಟಿ ಒದೆಯುವ ಮುನ್ನ ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿಯುತ್ತದೆ. ಅಲ್ಲಿಯೂ ದೇವರಿದ್ದಾನೆಯೇ?

ಸಂಜೆಗಂಟೆ:

ಗೋಲ್‌ಕೀಪರ್‌ನನ್ನು ಕೇಳಿ ನೋಡಿ, ಇದ್ದಾನೆ ಎನ್ನುತ್ತಾನೆ.

ಗೆದ್ದಲು_ಓದುಗ:

ಗೋಲ್_ಪೆಟ್ಟಿಗೆಯವರು ಹೇಳಿದ್ದಕ್ಕೆ ನೂರು ವರ್ಷ ದಾಟಿದ ಹೆಸರೇ ಇದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲಿ ಬರೆದದ್ದು ಇದನ್ನೇ: ಜನ ಹತ್ತಿರ ಹತ್ತಿರ ಸೇರಿದರೆ ಅವರ ನಡುವೆ ಒಂದು ಬಗೆಯ ವಿದ್ಯುತ್ತು ಹರಿಯುತ್ತದೆ, ಒಬ್ಬಂಟಿಯಾಗಿ ಎಂದೂ ಮುಟ್ಟಲಾಗದ ಎತ್ತರಕ್ಕೆ ಅದು ಅವರನ್ನು ಒಯ್ಯುತ್ತದೆ. ಕನ್ನಡದಲ್ಲಿ 'ಸಾಮೂಹಿಕ ಉಬ್ಬರ' ಎನ್ನಬಹುದೇನೋ.

ಆದರೆ ಇವನನ್ನು ಉದ್ಧರಿಸುವವರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಈ ಉಬ್ಬರ ಭ್ರಮೆ ಎಂದು ಡರ್ಕೈಮ್ ಹೇಳಲಿಲ್ಲ. ಅದು ನಿಜವಾದ ಶಕ್ತಿ, ಆದರೆ ಇಳಿಯುತ್ತದೆ, ಅದಕ್ಕೇ ಜನ ಮತ್ತೆ ಮತ್ತೆ ಸೇರಬೇಕಾಗುತ್ತದೆ ಎಂದ. ಉಬ್ಬರ ಇಳಿಯುತ್ತದೆ ಎಂಬ ಕಾರಣಕ್ಕೆ ಸಮುದ್ರವೇ ಸುಳ್ಳಾಗುವುದಿಲ್ಲವಲ್ಲ.

ಗೋಲ್_ಪೆಟ್ಟಿಗೆ:

ಹಾಗಾದರೆ ನಾನು ಹೇಳಿದ್ದು ಸರಿ.

ಗೆದ್ದಲು_ಓದುಗ:

ಅರ್ಧ.

ನೆನೆದ_ಚಾಪೆ:

2011ರ ಆಗಸ್ಟ್ 20, ಮ್ಯಾಡ್ರಿಡ್‌ನ ಕ್ವಾತ್ರೊ ವಿಯೆಂತೊಸ್ ವಿಮಾನ ನಿಲ್ದಾಣದ ಬಯಲು. ಕೆಲವು ವರ್ಷಕ್ಕೊಮ್ಮೆ ಕಥೋಲಿಕ ಯುವಜನರು ಪೋಪ್ ಜೊತೆ ಸೇರುವ ವಿಶ್ವ ಯುವ ದಿನದ ಜಾಗರಣೆ. ನಾನು ಭಕ್ತಿಯಿಂದ ಹೋದವನಲ್ಲ. ಓದಲೆಂದು ಯುರೋಪಿನಲ್ಲಿದ್ದೆ, ಗೆಳೆಯನೊಬ್ಬ ಎಳೆದುಕೊಂಡು ಹೋದ. ಹಗಲಿಡೀ ಎಂಥ ಬಿಸಿಲೆಂದರೆ ಅಗ್ನಿಶಾಮಕದವರು ಜನರ ಮೇಲೆ ನೀರು ಹಾಯಿಸುತ್ತಿದ್ದರು. ಜನ ಹುಚ್ಚೆದ್ದು ಕುಣಿಯುತ್ತಿದ್ದರು, ಬಾವುಟ ಬೀಸುತ್ತಿದ್ದರು. ನನಗಂತೂ ತಲೆನೋವು. ಇದರಲ್ಲಿ ದೇವರೆಲ್ಲಿ, ಇದು ಜಾತ್ರೆ ಎಂದು ಗೆಳೆಯನ ಹತ್ತಿರ ಜಗಳವಾಡಿದ್ದೆ.

ರಾತ್ರಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಮಾತು ಆರಂಭಿಸಿದರೋ ಇಲ್ಲವೋ, ಬಿರುಗಾಳಿ ಎದ್ದಿತು. ಅವರ ತಲೆಯ ಮೇಲಿನ ಬಿಳಿ ಟೋಪಿ ಹಾರಿಹೋಯಿತು. ಮಳೆ ಅಡ್ಡಡ್ಡ ಹೊಡೆಯತೊಡಗಿತು. ಕಾರ್ಯಕ್ರಮ ನಿಂತಿತು. 84 ವರ್ಷದ ಮುದುಕ ಛತ್ರಿಯ ಕೆಳಗೆ ಕುಳಿತೇ ಇದ್ದರು, ಹೊರಡಲಿಲ್ಲ. ಮಳೆ ತಗ್ಗಿದ ಮೇಲೆ ಭಾಷಣದ ಬಹುಭಾಗವನ್ನು ಬಿಟ್ಟೇಬಿಟ್ಟರು. ಟೊಲೆಡೊ ಕೆಥೆಡ್ರಲ್‌ನಿಂದ ತಂದಿದ್ದ, ಮನುಷ್ಯನಿಗಿಂತ ಎತ್ತರದ ಹಳೆಯ ಆರಾಧನಾ ಪಾತ್ರೆಯಲ್ಲಿ ಪರಮ ಪ್ರಸಾದವನ್ನು ಇಟ್ಟರು. ಒದ್ದೆ ಕೆಸರಿನಲ್ಲಿ ಜನ ಮಂಡಿಯೂರಿದರು. ಹಗಲೆಲ್ಲ ಕಿವಿ ಕಿತ್ತುಹೋಗುವಂತೆ ಕೂಗಿದ ಅದೇ ಜನ!

ನನ್ನ ವಾದ ಇಷ್ಟು. ಮೋಡಿ ಮಾಡುವುದಾದರೆ ಅದಕ್ಕೊಂದು ಯಂತ್ರ ಬೇಕು: ಬೆಳಕು, ಹಾಡು, ಮಾತುಗಾರಿಕೆ, ಸಮಯಕ್ಕೆ ಸರಿಯಾಗಿ ಬರುವ ವಾದ್ಯ. ಆ ರಾತ್ರಿ ಯಂತ್ರವೇ ಕೆಟ್ಟಿತ್ತು. ನನ್ನ ಚಾಪೆ ನೀರು ಕುಡಿದು ಹೆಣಭಾರವಾಗಿತ್ತು. ಪಕ್ಕದಲ್ಲಿ ಯಾವ ದೇಶದವನೋ, ಭಾಷೆ ಗೊತ್ತಿಲ್ಲ, ತನ್ನ ಪ್ಲಾಸ್ಟಿಕ್ ಹಾಳೆಯ ಅರ್ಧ ಭಾಗವನ್ನು ನನ್ನ ಮಂಡಿಯ ಕೆಳಗೆ ಸರಿಸಿದ. ಹದಿನಾಲ್ಕು ವರ್ಷ ಆದರೂ ನನಗೆ ನೆನಪಿರುವುದು ಆ ಹಾಳೆ. ಭಕ್ತನಾದೆನೇ? ಇಲ್ಲ. ಜಾತ್ರೆ ಎಂದು ಹೇಳುವುದನ್ನು ಮಾತ್ರ ಬಿಟ್ಟೆ.

ಗೋಲ್_ಪೆಟ್ಟಿಗೆ:

ನೆನೆದು ನಡುಗುವಾಗ ಯಾರೂ ಮಾತನಾಡುವುದಿಲ್ಲ ಸರ್.

ನೆನೆದ_ಚಾಪೆ:

ನೆನೆದು ನಡುಗುವವರು ಮನೆಗೆ ಹೋಗುತ್ತಾರೆ ಸರ್.

ಲೆಕ್ಕಪತ್ರ:

ಎಲ್ಲರೂ ಕಣ್ಣೀರು ಒರೆಸಿಕೊಂಡದ್ದಾದರೆ ಸ್ವಲ್ಪ ಲೆಕ್ಕ ನೋಡೋಣ. 2023ರ ಲಿಸ್ಬನ್ ವಿಶ್ವ ಯುವ ದಿನಕ್ಕೆ ಕಟ್ಟಲು ಹೊರಟ ಬಲಿಪೀಠದ ವೇದಿಕೆಯೊಂದಕ್ಕೇ 40 ಲಕ್ಷ ಯೂರೋಗೂ ಹೆಚ್ಚು ಖರ್ಚಾಗುತ್ತದೆ ಎಂದು ಆ ವರ್ಷದ ಆರಂಭದಲ್ಲಿ ಬಯಲಾಯಿತು. ಪೋರ್ಚುಗಲ್‌ನಲ್ಲಿ ಗಲಾಟೆ ಎದ್ದ ಮೇಲೆ ವೇದಿಕೆಯನ್ನು ಚಿಕ್ಕದು ಮಾಡಿದರು. ಕಲಾವಿದನೊಬ್ಬ ಆ ವೇದಿಕೆಯ ಮೆಟ್ಟಿಲುಗಳ ಮೇಲೆ 500 ಯೂರೋ ನೋಟಿನ ಚಿತ್ರಗಳ ಜಮಖಾನೆ ಹಾಸಿ ಬಂದ. ನೆನೆದ_ಚಾಪೆಯವರ ಮ್ಯಾಡ್ರಿಡ್‌ನಲ್ಲೂ 2011ರಲ್ಲಿ ಖರ್ಚಿನ ವಿರುದ್ಧ ಜನ ಬೀದಿಗಿಳಿದಿದ್ದರು. ಸ್ಪೇನ್ ಆಗ ಆರ್ಥಿಕ ಬಿಕ್ಕಟ್ಟಿನಲ್ಲಿತ್ತು.

ಇನ್ನೊಂದು ವಿಷಯ. ಅದೇ 2023ರ ಫೆಬ್ರವರಿಯಲ್ಲಿ ಪೋರ್ಚುಗಲ್‌ನ ಸ್ವತಂತ್ರ ಆಯೋಗ ವರದಿ ಕೊಟ್ಟಿತ್ತು: 1950ರಿಂದೀಚೆಗೆ ಅಲ್ಲಿನ ಧರ್ಮಸಭೆಯೊಳಗೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಕನಿಷ್ಠ 4,815. ಆರು ತಿಂಗಳ ನಂತರ ಅದೇ ನೆಲದಲ್ಲಿ 15 ಲಕ್ಷ ಜನರ ಸಂಭ್ರಮ. ಭರವಸೆ ಎಂಬ ಶಬ್ದ ಬಳಸುವ ಮುನ್ನ ನನಗಂತೂ ಗಂಟಲು ಕಟ್ಟುತ್ತದೆ.

ಕೊನೆಬೆಂಚು:

ಲೆಕ್ಕಪತ್ರ ಅವರೇ, ನನ್ನ ಸಿಟ್ಟಿಗೆ ಕಾರಣ ಇದೇ ಇರಬೇಕು. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ನೂಲುಬತ್ತಿ:

ಲೆಕ್ಕ ಸರಿ, ಅಳಿಸಲಾಗದು. ಪೋಪ್ ಫ್ರಾನ್ಸಿಸ್ ಲಿಸ್ಬನ್‌ಗೆ ಬಂದ ಮೊದಲ ದಿನವೇ ದೌರ್ಜನ್ಯದಿಂದ ನೊಂದ 13 ಮಂದಿಯನ್ನು ಭೇಟಿ ಮಾಡಿದರು ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ. ಸಾಲದು ಎನ್ನುವಿರಿ, ಒಪ್ಪುತ್ತೇನೆ. ಆದರೆ ಆ 15 ಲಕ್ಷದಲ್ಲಿ ಕುಳಿತಿದ್ದ 18ರ ಹುಡುಗಿ ಆ ಪಾಪ ಮಾಡಿದವಳಲ್ಲ. ಮನೆಗೆ ಬೆಂಕಿ ಹಚ್ಚಿದವರು ಬೇರೆ, ಬೂದಿ ಗುಡಿಸಲು ಬಂದವರು ಬೇರೆ.

ಲೆಕ್ಕಪತ್ರ:

ಗುಡಿಸಲು ಬಂದಿದ್ದಾರೋ, ಬೂದಿಯ ಮೇಲೆ ಕುಣಿಯಲು ಬಂದಿದ್ದಾರೋ ಎಂಬುದೇ ಪ್ರಶ್ನೆ.

ಬೆಳಗಿನ_ಜಾವ:

ಕುಣಿತದ ಮಾತು ಬಂತಲ್ಲ, ಲಿಸ್ಬನ್‌ನಲ್ಲಿ ಕೊನೆಯ ದಿನ ಬೆಳಗ್ಗೆ ಏಳಕ್ಕೆ ಬಯಲಿನಲ್ಲಿ ಮಲಗಿದ್ದವರನ್ನು ಎಬ್ಬಿಸಿದ್ದು ಒಬ್ಬ ಡಿಜೆ. ಆತ ಧರ್ಮಗುರು! ಕಾಲರ್ ಹಾಕಿಕೊಂಡು ಟೆಕ್ನೋ ಸಂಗೀತ ಬಾರಿಸಿದರು. ಮೂರು ತಾಸು ನಿದ್ದೆ ಮಾಡಿದ್ದ ನನಗೆ ಅಂತಿಮ ತೀರ್ಪಿನ ಕಹಳೆಯೇ ಮೊಳಗಿದಂತಾಯಿತು.

ಸಂಜೆಗಂಟೆ:

ಅಯ್ಯೋ ದೇವರೇ. ಇದಕ್ಕೇ ನಾನು ತೆಝೆಗೆ ಹೋಗುವುದು.

ಗೊತ್ತಿಲ್ಲದವರಿಗೆ: ತೆಝೆ ಫ್ರಾನ್ಸಿನ ಬರ್ಗಂಡಿಯ ಪುಟ್ಟ ಹಳ್ಳಿ. 1940ರಲ್ಲಿ, ಯುದ್ಧದ ನಡುವೆ, ಬ್ರದರ್ ರೋಜರ್ ಎಂಬ 25ರ ಯುವಕ ಅಲ್ಲಿ ಮನೆ ಮಾಡಿಕೊಂಡು ನಿರಾಶ್ರಿತರನ್ನು ಅಡಗಿಸಿಟ್ಟ, ಅವರಲ್ಲಿ ಯೆಹೂದ್ಯರೂ ಇದ್ದರು. ಈಗ ಅಲ್ಲಿ ಕಥೋಲಿಕ, ಪ್ರೊಟೆಸ್ಟೆಂಟ್ ಎರಡೂ ಕಡೆಯ ಸಹೋದರರು ಒಟ್ಟಿಗೆ ಬಾಳುತ್ತಾರೆ. ತಮಗಾಗಿ ದಾನ ತೆಗೆದುಕೊಳ್ಳುವುದಿಲ್ಲ, ಕುಂಬಾರಿಕೆಯಂಥ ಕೆಲಸ ಮಾಡಿ ಬದುಕುತ್ತಾರೆ. ಬೇಸಿಗೆಯಲ್ಲಿ ವಾರಕ್ಕೆ ಸಾವಿರಗಟ್ಟಲೆ ಯುವಜನರು ಬರುತ್ತಾರೆ. ದಿನಕ್ಕೆ ಮೂರು ಸಲ ಗಂಟೆ, ಮೂರು ಸಲ ಪ್ರಾರ್ಥನೆ. ಎರಡೇ ಸಾಲಿನ ಹಾಡನ್ನು ಹತ್ತಾರು ಸಲ ಹಾಡುತ್ತಾರೆ, ಬೇರೆ ಬೇರೆ ಭಾಷೆಗಳಲ್ಲಿ. ನಡುವೆ ಏಳೆಂಟು ನಿಮಿಷ ಮೌನ. ಪ್ರವಚನ ಇಲ್ಲ. ವೇದಿಕೆಯೂ ಇಲ್ಲ, ಸಹೋದರರು ಜನರ ನಡುವೆಯೇ, ಬಲಿಪೀಠದ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಪ್ರತಿಯೊಬ್ಬ ಅತಿಥಿಗೂ ಒಂದು ಕೆಲಸ. ನನ್ನ ಪಾಲಿಗೆ ಶೌಚಾಲಯ ತೊಳೆಯುವುದು ಬಂದಿತ್ತು. ಏಳು ದಿನ. ಮೂರನೆಯ ದಿನದಿಂದ ನಮ್ಮ ತಂಡದ ಹುಡುಗರು ತೊಳೆಯುತ್ತಲೇ ಹಾಡುತ್ತಿದ್ದರು. ಮೋಡಿ ಎನ್ನುವವರು ಆ ಶೌಚಾಲಯಗಳನ್ನು ಒಮ್ಮೆ ನೋಡಬೇಕಿತ್ತು.

ಅಲ್ಲಿನ ದೊಡ್ಡ ದೇವಾಲಯದ ಹೆಸರು ಸಂಧಾನದ ದೇವಾಲಯ. 1962ರಲ್ಲಿ ಮುಗಿಯಿತು. ಕಟ್ಟಿದ್ದು ಯಾರು ಗೊತ್ತೇ? ಜರ್ಮನಿಯ ಯುವಕರು. ಯುದ್ಧದಲ್ಲಿ ತಮ್ಮ ದೇಶ ಮಾಡಿದ್ದಕ್ಕೆ ಪ್ರಾಯಶ್ಚಿತ್ತವೆಂದು ಫ್ರಾನ್ಸಿಗೆ ಬಂದು ದುಡಿದರು. ಲೆಕ್ಕಪತ್ರ ಅವರ 'ಗುಡಿಸಲು ಬಂದಿದ್ದಾರೋ' ಎಂಬ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇದೊಂದೇ.

ಗೆದ್ದಲು_ಓದುಗ:

ಬ್ರದರ್ ರೋಜರ್ ಸತ್ತದ್ದೂ ಅದೇ ದೇವಾಲಯದಲ್ಲಿ. 2005ರ ಆಗಸ್ಟ್ 16, ಸಂಜೆಯ ಪ್ರಾರ್ಥನೆಯ ನಡುವೆ ಒಬ್ಬ ಮಹಿಳೆ ಚೂರಿಯಿಂದ ಇರಿದಳು. ಆಗ ಅವರಿಗೆ 90. ಸುತ್ತ ಎರಡು ಸಾವಿರಕ್ಕೂ ಹೆಚ್ಚು ಯುವಜನರಿದ್ದರು. ಅದೇ ದಿನ ಕಲೋನ್‌ನಲ್ಲಿ ವಿಶ್ವ ಯುವ ದಿನ ಆರಂಭವಾಗಿತ್ತು.

ಸಂಜೆಗಂಟೆ:

ಹೌದು. ಪ್ರಾರ್ಥನೆ ನಿಲ್ಲಲಿಲ್ಲ, ಹಾಡು ಮುಂದುವರಿಯಿತು. ಮರು ವಾರವೂ ಮೂರು ಹೊತ್ತು ಗಂಟೆ ಬಾರಿಸಿತು. ನಾನು ಹೋದದ್ದು ಅದಾಗಿ ಎಷ್ಟೋ ವರ್ಷದ ಮೇಲೆ, ಆದರೂ ಗಂಟೆ ಕೇಳಿದಾಗ ಅದೇ ನೆನಪಾಗುತ್ತಿತ್ತು.

ಖಾಲಿ_ಜೋಳಿಗೆ:

ಬೇಸತ್ತವರೂ ಹೇಳಿ ಎಂದಿರಿ. ಇಗೋ ನಾನು.

17ರಲ್ಲಿ ಇಂಥದ್ದೊಂದು ಸಮಾವೇಶಕ್ಕೆ ಹೋದೆ. ಯಾವುದು ಎಂದು ಹೇಳುವುದಿಲ್ಲ, ಎಲ್ಲವೂ ಹೀಗೇ ಎಂದು ಅರ್ಥವಾಗಬಾರದು. ಐದು ದಿನ. ಕೊನೆಯ ರಾತ್ರಿ ನೆಲದ ಮೇಲೆ ಬಿದ್ದು ಅತ್ತೆ, ಅಪರಿಚಿತರನ್ನು ತಬ್ಬಿಕೊಂಡೆ, ಬದುಕೆಲ್ಲ ದೇವರಿಗೆ ಎಂದು ಕೈ ಎತ್ತಿದೆ. ಕೈ ಎತ್ತಿದವರ ಎಣಿಕೆಯೂ ಆಯಿತು. ವಾಪಸು ಬಂದ ಭಾನುವಾರ ನಮ್ಮ ಧರ್ಮಕೇಂದ್ರದಲ್ಲಿ ಹದಿನೈದು ಮುದುಕಿಯರು, ಶ್ರುತಿ ತಪ್ಪಿದ ಕೀಬೋರ್ಡ್, ಗುರುಗಳಿಗೆ ನೆಗಡಿ. ದೇವರು ಆ ಬಯಲಿನಲ್ಲೇ ಉಳಿದುಬಿಟ್ಟ ಎನ್ನಿಸಿತು. ತಪ್ಪು ನನ್ನದೇ ಎಂದುಕೊಂಡೆ, ವಿಶ್ವಾಸ ಸಾಲದು ಎಂದುಕೊಂಡೆ. ಮತ್ತೊಂದು ಸಮಾವೇಶಕ್ಕೆ ಹೋದೆ, ಅದೇ ಏರು, ಅದೇ ಇಳಿತ. ಮೂರನೆಯದಕ್ಕೆ ಹೋಗುವಾಗ ಭಕ್ತಿಗಿಂತ ಚಟವೇ ಹೆಚ್ಚಾಗಿತ್ತು. 22ಕ್ಕೆ ಎಲ್ಲವನ್ನೂ ಬಿಟ್ಟೆ.

ಆ ರಾತ್ರಿ ಸುಳ್ಳು ಎಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಬೆಟ್ಟ ಹತ್ತಿಸಿದವರು ಇಳಿಯುವ ದಾರಿ ತೋರಿಸಲಿಲ್ಲ. ಬರಲಿರುವ ಸಾಮಾನ್ಯ ಭಾನುವಾರದ ಬಗ್ಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ. ನಿಮ್ಮ ಅಕ್ಕನ ಮಗಳ ಹತ್ತು ನಿಮಿಷ ಓದಿ ನನಗೆ ಹೊಟ್ಟೆಕಿಚ್ಚಾಯಿತು. ಅವಳು ಬಯಲಿನಿಂದ ಕಣ್ಣೀರನ್ನು ತರಲಿಲ್ಲ, ಮೌನವನ್ನು ತಂದಿದ್ದಾಳೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು.

ನೂಲುಬತ್ತಿ:

ಖಾಲಿ_ಜೋಳಿಗೆ, ಬರೆದದ್ದಕ್ಕೆ ವಂದನೆ. ಎರಡು ಸಲ ಓದಿದೆ.

ಮೂರನೆಯ_ವಾರ:

ಯುವಜನರ ಜೊತೆ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಖಾಲಿ_ಜೋಳಿಗೆಯವರು ಹೇಳಿದ ಪಾಪದಲ್ಲಿ ನನ್ನ ಪಾಲೂ ಇದೆ. ಮೊದಲ ವರ್ಷಗಳಲ್ಲಿ ನಾನೂ ಟಿಕೆಟ್, ವೀಸಾ, ಚೀಲ, ಟೋಪಿ ಎಲ್ಲದಕ್ಕೂ ಆರು ತಿಂಗಳು ತಯಾರಿ ನಡೆಸಿ, ವಾಪಸು ಬಂದ ಮೇಲಿನ ದಿನಗಳಿಗೆ ಒಂದು ತಾಸಿನ ತಯಾರಿಯನ್ನೂ ಮಾಡುತ್ತಿರಲಿಲ್ಲ. ಈಗ ನಮ್ಮ ತಂಡದಲ್ಲಿ ಹೊರಡುವ ಮುನ್ನವೇ ಒಂದು ದಿನ ಗೊತ್ತು ಮಾಡುತ್ತೇವೆ, ಮರಳಿದ ಮೂರನೆಯ ವಾರದ ಭಾನುವಾರ. ಮೊದಲ ವಾರ ಎಲ್ಲರೂ ಹಾರಾಡುತ್ತಿರುತ್ತಾರೆ, ಎರಡನೆಯ ವಾರ ಫೋಟೋ ಹಂಚುತ್ತಿರುತ್ತಾರೆ. ಮೂರನೆಯ ವಾರಕ್ಕೆ ಬೀಳುತ್ತಾರೆ. ಅಂದು ಸೇರುತ್ತೇವೆ. ಹಾಡಿಲ್ಲ. 'ಈಗ ಏನು ಬೇಸರ?' ಎಂಬುದೊಂದೇ ಪ್ರಶ್ನೆ. ಹೋದವರಲ್ಲಿ ಅರ್ಧದಷ್ಟು ಜನರೂ ಬರುವುದಿಲ್ಲ. ಬಂದವರು ಮಾತ್ರ ವರ್ಷಗಟ್ಟಲೆ ಉಳಿದಿದ್ದಾರೆ.

ಇನ್ನೊಂದು ಮಾತು. ವಿಡಿಯೋದಲ್ಲಿ ಜಾಗರಣೆ ಕಾಣುತ್ತದೆ, ಅದರ ಹಿಂದಿನ ದಿನ ಕಾಣುವುದಿಲ್ಲ. 2025ರ ಆಗಸ್ಟ್ 1ರಂದು ರೋಮ್‌ನ ಸರ್ಕಸ್ ಮ್ಯಾಕ್ಸಿಮಸ್ ಬಯಲಿನಲ್ಲಿ ನೂರಾರು ಗುರುಗಳು ಪಾಪನಿವೇದನೆ ಕೇಳಲು ಕುಳಿತಿದ್ದರು, ಯುವಜನರು ಬಿಸಿಲಿನಲ್ಲಿ ಸರತಿ ನಿಂತಿದ್ದರು. ಪಾಪನಿವೇದನೆಗೆ ಗುಂಪಿನಲ್ಲಿ ಹೋಗಲು ಆಗುವುದಿಲ್ಲ. ಒಬ್ಬೊಬ್ಬರೇ ಹೋಗಬೇಕು, ನಾಚಿಕೆಯಾಗುವ ಮಾತನ್ನು ಬಾಯಿಬಿಟ್ಟು ಹೇಳಬೇಕು. ಗುಂಪಿನ ಮೋಡಿ ಎನ್ನುವ ವಾದ ನನ್ನ ಮಟ್ಟಿಗೆ ಆ ಸಾಲಿನಲ್ಲಿ ಸೋಲುತ್ತದೆ.

ಗೋಲ್_ಪೆಟ್ಟಿಗೆ:

ಇದು ಒಳ್ಳೆಯ ಏಟು. ಒಪ್ಪಿದೆ ಎಂದಲ್ಲ, ಆದರೆ ಒಳ್ಳೆಯ ಏಟು.

ಸಾದಾ_ಬೆಂಚು:

ನಾನು ಪ್ರೊಟೆಸ್ಟೆಂಟ್, ಆದ್ದರಿಂದ ಪೋಪ್ ಇಲ್ಲದ ಉದಾಹರಣೆ. 2023ರ ಫೆಬ್ರವರಿ 8ರಂದು ಅಮೆರಿಕದ ಕೆಂಟಕಿಯ ವಿಲ್ಮೋರ್ ಎಂಬ ಸಣ್ಣ ಊರಿನ ಆಸ್ಬರಿ ವಿಶ್ವವಿದ್ಯಾಲಯದಲ್ಲಿ ಮಾಮೂಲಿ ಬೆಳಗಿನ ಆರಾಧನೆ ಮುಗಿದ ಮೇಲೂ ಕೆಲವು ವಿದ್ಯಾರ್ಥಿಗಳು ಏಳದೆ ಕುಳಿತರು. ಅದು ಎರಡು ವಾರ ಮುಗಿಯಲೇ ಇಲ್ಲ. ಹತ್ತಾರು ಸಾವಿರ ಜನ ಬಂದು ಚಳಿಯಲ್ಲಿ ಸರತಿ ನಿಂತರು. ಬಣ್ಣದ ದೀಪ, ಪರದೆ ಯಾವುದೂ ಇರಲಿಲ್ಲ, ಹೆಸರಾಂತ ಬೋಧಕರಿಗೂ ವೇದಿಕೆ ಕೊಡಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಮುಂದಿನದು: ವಿಶ್ವವಿದ್ಯಾಲಯವೇ ದಿನ ಗೊತ್ತುಮಾಡಿ ಸಾರ್ವಜನಿಕ ಆರಾಧನೆಯನ್ನು ನಿಲ್ಲಿಸಿತು, ವಿದ್ಯಾರ್ಥಿಗಳು ತರಗತಿಗೆ ಮರಳಿದರು. ಇಳಿಯುವ ದಾರಿ ಎಂದರೆ ಇದೇ ಇರಬೇಕು.

ಲೆಕ್ಕಪತ್ರ:

ಒಪ್ಪುತ್ತೇನೆ. ಖರ್ಚೂ ಕಡಿಮೆ.

ಇಪ್ಪತ್ತೊಂದು:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನಗೆ 21. ನಾನೂ ತೋರ್ ವೆರ್ಗಾತಾದಲ್ಲಿದ್ದೆ. ನಿಮ್ಮ ಅಕ್ಕನ ಮಗಳಿಂದ ಎಷ್ಟು ದೂರದಲ್ಲಿ ಮಲಗಿದ್ದೆನೋ.

ಹಿರಿಯರೆಲ್ಲ ಕೋಪಿಸಿಕೊಳ್ಳಬೇಡಿ, ಒಂದು ಮಾತು ಹೇಳಿಬಿಡುತ್ತೇನೆ. ನಾವು ಅಲ್ಲಿಗೆ ಹೋದದ್ದು ನಿಮಗೆ ಭರವಸೆ ಕೊಡಲಿಕ್ಕಲ್ಲ. 'ಭರವಸೆಯ ಯಾತ್ರಿಕರು' ಎಂಬುದು ಜುಬಿಲಿಯ ಘೋಷವಾಕ್ಯ, ನಿಜ. ಆದರೆ ಮರಳಿ ಬಂದ ದಿನದಿಂದ ಪ್ರತಿಯೊಬ್ಬ ಅಂಕಲ್, ಆಂಟಿ ನನ್ನ ಭುಜ ತಟ್ಟಿ 'ನಿಮ್ಮನ್ನು ನೋಡಿದರೆ ಧರ್ಮಸಭೆಗೆ ಭವಿಷ್ಯವಿದೆ ಎನ್ನಿಸುತ್ತದೆ' ಎನ್ನುತ್ತಾರೆ. ಹೇಳಿ ಮನೆಗೆ ಹೋಗುತ್ತಾರೆ. ಭುಜ ನೋಯುತ್ತದೆ. ನಾನು ಹೋದದ್ದು ಭಯದಿಂದ. ಓದು ಮುಗಿದ ಮೇಲೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಆ ವರ್ಷ ಆಪ್ತ ಗೆಳೆಯನೊಬ್ಬನನ್ನು ಕಳೆದುಕೊಂಡಿದ್ದೆ. ಜಾಗರಣೆಯಲ್ಲಿ ಪೋಪ್ ಲಿಯೋ ಅವರಿಗೆ ಮೂರು ಪ್ರಶ್ನೆ ಕೇಳಿದರಲ್ಲ, ಒಂದು ಗೆಳೆತನದ ಬಗ್ಗೆ, ಇನ್ನೊಂದು ನಿರ್ಧಾರ ಮಾಡುವ ಧೈರ್ಯದ ಬಗ್ಗೆ. ಅವು ನಮ್ಮದೇ ಪ್ರಶ್ನೆಗಳು. ಆ ದಿನಗಳಲ್ಲೇ ಯಾತ್ರೆಗೆ ಬಂದಿದ್ದ ಇಬ್ಬರು ಯುವತಿಯರು ತೀರಿಕೊಂಡಿದ್ದರು, ಪೋಪ್ ಅವರಿಗಾಗಿಯೂ ಪ್ರಾರ್ಥಿಸಿದರು. ಮೌನ ಶುರುವಾದಾಗ ನನ್ನ ಮನಸ್ಸಿನಲ್ಲಿದ್ದದ್ದು ಭವಿಷ್ಯವಲ್ಲ, ಗೆಳೆಯ. ಸುತ್ತ ಇದ್ದವರಿಗೂ ಯಾರೋ ಒಬ್ಬರು ನೆನಪಾಗುತ್ತಿದ್ದಿರಬೇಕು. ಅಷ್ಟು ಜನರ ನಡುವೆ ಒಬ್ಬನೇ ಇರಬಹುದು, ಆದರೂ ಒಂಟಿಯಲ್ಲ ಎನ್ನಿಸಿತು. ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಕೊನೆಬೆಂಚು ಆಂಟಿ, ವಿಡಿಯೋವನ್ನು ಅವಳಿಲ್ಲದಾಗ ಏಕೆ ನೋಡಿದಿರಿ?

ಗೆದ್ದಲು_ಓದುಗ:

ಡರ್ಕೈಮ್‌ನನ್ನು ವಾಪಸು ಕಪಾಟಿಗೆ ಇಡುತ್ತೇನೆ.

ಕೊನೆಬೆಂಚು:

ಇಪ್ಪತ್ತೊಂದು, ನೀನು ಕೇಳಿದ್ದಕ್ಕೆ ಉತ್ತರ ಹೊಳೆಯಲಿಲ್ಲ. ನಾಚಿಕೆ ಎಂದುಕೊಂಡಿದ್ದೆ. ಅಲ್ಲ, ಭುಜ ತಟ್ಟುವವರ ಗುಂಪಿನಲ್ಲಿ ನಾನೂ ಒಬ್ಬಳು. ನಿನ್ನ ಗೆಳೆಯನಿಗಾಗಿ ನನಗೂ ದುಃಖವಿದೆ.

ಬೆಳಗಿನ_ಜಾವ:

ವಾತಾವರಣ ಗಂಭೀರವಾಯಿತು, ನಾನು ಕೆಡಿಸುತ್ತೇನೆ. 2027ಕ್ಕೆ ದಕ್ಷಿಣ ಕೊರಿಯಾದ ಸೋಲ್‌ಗೆ ಯಾರು ಯಾರು? ಆಗಸ್ಟ್ 3ರಿಂದ 8. ಏಷ್ಯಾದಲ್ಲಿ ಇದೇ ಮೊದಲ ವಿಶ್ವ ಯುವ ದಿನ!

ನೂಲುಬತ್ತಿ:

ಮೊದಲನೆಯದಲ್ಲ. 1995ರ ಜನವರಿಯಲ್ಲಿ ಫಿಲಿಪ್ಪೀನ್ಸ್‌ನ ಮನಿಲಾ. ಕೊನೆಯ ಬಲಿಪೂಜೆಗೆ 40-50 ಲಕ್ಷ ಜನ ಸೇರಿದ್ದರೆಂಬ ಅಂದಾಜು. ರಸ್ತೆಗಳು ತುಂಬಿ ಪೋಪ್ ಎರಡನೆಯ ಜಾನ್ ಪಾಲ್ ಹೆಲಿಕಾಪ್ಟರ್‌ನಲ್ಲಿ ಬರಬೇಕಾಯಿತು.

ಬೆಳಗಿನ_ಜಾವ:

ತಿದ್ದಿಕೊಂಡೆ. ಆಗ ನಾನು ಹುಟ್ಟಿರಲಿಲ್ಲ, ಕ್ಷಮೆಯಿರಲಿ.

ಗೆದ್ದಲು_ಓದುಗ:

ಸೋಲ್ ಬೇರೆ ಕಾರಣಕ್ಕೂ ಕುತೂಹಲದ್ದು. ಕೊರಿಯಾದ ಧರ್ಮಸಭೆಯನ್ನು ಹೊರಗಿನ ಮಿಷನರಿಗಳು ಹೋಗಿ ಕಟ್ಟಲಿಲ್ಲ. ಅಲ್ಲಿನ ಕೆಲವರು ಪುಸ್ತಕ ಓದಿ ಕುತೂಹಲಗೊಂಡರು, ಅವರಲ್ಲೊಬ್ಬ ಬೀಜಿಂಗ್‌ಗೆ ಹೋಗಿ 1784ರಲ್ಲಿ ದೀಕ್ಷಾಸ್ನಾನ ಪಡೆದು ಬಂದು ಉಳಿದವರಿಗೆ ಕೊಟ್ಟ. ದೊಡ್ಡ ಬಯಲೇನೂ ಇರಲಿಲ್ಲ, ನಾಲ್ಕಾರು ಜನರ ಓದುಕೋಣೆ.

ಗೋಲ್_ಪೆಟ್ಟಿಗೆ:

ಇದನ್ನು ಮೊದಲೇ ಹೇಳಿದ್ದರೆ ನಾನು ಬೇಗ ಸೋಲುತ್ತಿದ್ದೆ. ಮುಂದಿನ ಫೈನಲ್‌ಗೆ ಸೇರೋಣ.

ಕೊನೆಬೆಂಚು:

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಅವಳ ಕೋಣೆಯ ಬಾಗಿಲು ತಟ್ಟಿ 'ನಾನೂ ಕುಳಿತುಕೊಳ್ಳಲೇ?' ಎಂದು ಕೇಳಿದೆ. ಅಚ್ಚರಿಪಡಲಿಲ್ಲ, ಸ್ವಲ್ಪ ಸರಿದು ಜಾಗ ಬಿಟ್ಟಳು. ಹತ್ತು ನಿಮಿಷ ಅಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ. ಕಚೇರಿಯ ಕಡತ ನೆನಪಾಯಿತು, ಬಲಮಂಡಿ ನೋಯಿತು, ಗಡಿಯಾರ ನೋಡಬೇಕೆನ್ನಿಸಿತು. ದೇವರು ಬಂದನೋ ಇಲ್ಲವೋ, ನಾನಂತೂ ಪೂರ್ತಿ ಬಂದಿರಲಿಲ್ಲ. ಮುಗಿದ ಮೇಲೆ ಅವಳು 'ಮೊದಲ ವಾರ ಹೀಗೇ ಚಿಕ್ಕಮ್ಮ, ನಾಳೆ ದಿಂಬು ತನ್ನಿ' ಎಂದಳು.

ನೆನೆದ_ಚಾಪೆ:

ದಿಂಬಿನ ಕೆಳಗೆ ಪ್ಲಾಸ್ಟಿಕ್ ಹಾಳೆಯೂ ಇರಲಿ ಮೇಡಂ. ಮಳೆ ಹೇಳಿ ಬರುವುದಿಲ್ಲ.